ಕಹಳೆ ಹೂವಿನ ತಲೆ ಎಣಿಕೆ

ಬೀಜದಕ್ಕನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಮಾತು ಹೊರಡುತ್ತದೆ. ಆ ಮಂಗಳವಾರ ಬೆಳಿಗ್ಗೆ ಕಿವಿ ಕೆಂಪಾಗುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಮೇಲ್ವಿಚಾರಕರ ಕೋಣೆಯಿಂದ ಬಂದ ಜವಾನ ಎರಡು ತಗಡಿನ ಚೀಟಿಗಳನ್ನು ಅವಳ ಮೇಜಿನ ಮೇಲಿಟ್ಟ.

"ಕೆಂಪು ನೀಲಿಗಂಟೆಗೆ, ಹಸಿರು ಹಿಂದಿನ ಕಹಳೆ ಮರಕ್ಕೆ. ಇವತ್ತೇ ಕಟ್ಟಬೇಕಂತೆ."

"ಉಲ್ಟಾ ಹೇಳ್ತಿದ್ದೀಯ ನೋಡು."

"ನಾನು ಸರಿಯಾಗೇ ಹೇಳ್ತಿದ್ದೀನಿ. ಉಲ್ಟಾ ಇದ್ರೆ ಮೇಲಿಂದಲೇ ಉಲ್ಟಾ ಬಂದಿದೆ" ಎಂದು ಅವನು ಹೊರಟುಹೋದ.

ಅದೊಂದು ಸಾರ್ವಜನಿಕ ಸಸ್ಯತೋಟ. ಅದರ ಬೀಜದ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಬೀಜ ಒಣಗಿಸಿ, ಜರಡಿ ಹಿಡಿದು, ಪೊಟ್ಟಣ ಕಟ್ಟುತ್ತಾ ಬಂದಿದ್ದರಿಂದ ಅವಳ ಅಸಲು ಹೆಸರನ್ನು ಸಂಬಳದ ಚೀಟಿ ಬಿಟ್ಟು ಬೇರೆ ಯಾರೂ ನೆನಪಿಟ್ಟಿರಲಿಲ್ಲ. ಎಲ್ಲರಿಗೂ ಬೀಜದಕ್ಕ. ತೋಟದ ಗಿಡಗಳ ತಲೆ ಎಣಿಕೆ ಪುಸ್ತಕ ಬರೆಯುವ ಕೆಲಸವೂ ಅವಳದೇ. ಆರು ತಿಂಗಳಿಗೊಮ್ಮೆ ಸುತ್ತು ಹೊಡೆದು ಯಾವ ಗಿಡ ಎಷ್ಟಿದೆ ಎಂದು ಬರೆಯಬೇಕು.

ಈ ಎಣಿಕೆಯಿಂದಲೇ ಅವಾಂತರ ಹುಟ್ಟಿದ್ದು. ತೋಟದಲ್ಲಿ ಏನೇನು ದಾಸ್ತಾನಿದೆ ಎಂದು ತಿಳಿದುಕೊಳ್ಳಲು ಮುಖ್ಯ ಕಚೇರಿಯವರು ಒಂದು ನಮೂನೆ ಕಳಿಸಿದ್ದರು. ಅಲ್ಲಿಯ ಯಾವನೋ ಬುದ್ಧಿವಂತ ಅದರ ಕೊನೆಯ ಅಂಕಣದ ಮೇಲೆ 'ಸಂರಕ್ಷಣಾ ಸ್ಥಿತಿ' ಎಂದು ಅಚ್ಚು ಹಾಕಿಸಿಬಿಟ್ಟ. ಅಲ್ಲಿಂದ ಶುರು. ತೋಟದಲ್ಲಿ ಐದಕ್ಕಿಂತ ಕಡಿಮೆ ಇದ್ದರೆ ಕೆಂಪು ಚೀಟಿ, ಅಂದರೆ ಅಪರೂಪ, ಯಾರೂ ಮುಟ್ಟಕೂಡದು. ಐದರಿಂದ ಐವತ್ತರವರೆಗೆ ಹಳದಿ, ಅದರ ಮೇಲೊಂದು ಕಣ್ಣಿರಲಿ. ಐವತ್ತು ದಾಟಿತೋ ಹಸಿರು, ಸಾಮಾನ್ಯ ಗಿಡ, ಬೇಕಾದರೆ ಕಡಿಯಿರಿ. ಲೋಕದಲ್ಲಿ ಆ ಗಿಡದ ಗತಿ ಏನು ಎಂದು ಕೇಳುವ ಅಂಕಣವೇ ನಮೂನೆಯಲ್ಲಿ ಇರಲಿಲ್ಲ. ತಮ್ಮ ಅಂಗಳವೇ ಲೋಕ ಎಂದುಕೊಂಡವರಿಗೆ ಅದರ ಅಗತ್ಯವೂ ಇರಲಿಲ್ಲವೆನ್ನಿ.

ಬೀಜದಕ್ಕ ಚೀಟಿಗಳನ್ನು ಕಟ್ಟಲಿಲ್ಲ. ನೀಲಿಗಂಟೆಯ ಕುಂಡವನ್ನೇ ಕಂಕುಳಲ್ಲಿ ಇರುಕಿಕೊಂಡು ಮೇಲ್ವಿಚಾರಕರ ಕೋಣೆಗೆ ನಡೆದಳು. ಗೇಣುದ್ದದ ಗಿಡ, ಬೆರಳುಗುರಿನಷ್ಟು ನೀಲಿ ಹೂ, ಗಂಟೆಯ ಆಕಾರ. ನೋಡಲು ಮುದ್ದಾಗಿಯೇ ಇತ್ತು, ಅದರ ಮೇಲೆ ಅವಳಿಗೇನೂ ದ್ವೇಷವಿರಲಿಲ್ಲ.

"ಸಾರ್, ಇದಕ್ಕೆ ಕೆಂಪು ಚೀಟಿ ಯಾಕೆ?"

ಮೇಲ್ವಿಚಾರಕರು ನಲವತ್ತರ ಆಸುಪಾಸಿನವರು. ಎದುರಿಗಿದ್ದವರ ಮುಖಕ್ಕಿಂತ ಕಾಗದದ ಮುಖವನ್ನೇ ಹೆಚ್ಚು ನೋಡುವ ಜಾತಿ. "ಇಡೀ ತೋಟದಲ್ಲಿ ಇರೋದು ಅದೊಂದೇ ಅಲ್ವೇನಮ್ಮ. ಅಪರೂಪ."

"ಇಪ್ಪತ್ತು ತರಿಸಿದ್ವಿ ಸಾರ್. ಬೆಟ್ಟದ ಗಿಡ, ಇದಕ್ಕೆ ದಿನಾ ನೀರು ಬಿಡಬೇಡಿ ಅಂತ ಬಡ್ಕೊಂಡೆ. ಬಿಟ್ರಿ. ಹತ್ತೊಂಬತ್ತು ಕೊಳೆತು ಹೋದ್ವು. ನಾವೇ ಸಾಯಿಸಿ ನಾವೇ ಅಪರೂಪ ಅಂದ್ರೆ ಹೇಗೆ? ನನ್ನ ತವರಿನ ದಾರಿಯಲ್ಲಿ ಇದು ಕಾಲಿಗೆ ತೊಡರುತ್ತೆ. ಆಡುಗಳು ಮೇಯ್ತವೆ."

"ನಿಮ್ಮ ತವರು ನಮ್ಮ ಪುಸ್ತಕದಲ್ಲಿ ಬರಲ್ಲ."

"ಸರಿ, ಹಾಗಾದ್ರೆ ಕಹಳೆ ಹೂವಿಗೆ ಹಸಿರು ಯಾಕೆ?"

"ನೂರ ನಲವತ್ತೊಂದು ಇದೆ. ನೀವೇ ಬರೆದಿದ್ದೀರಿ." ಅವರು ಪುಸ್ತಕ ತಿರುಗಿಸಿ ತೋರಿಸಿದರು. ಅಕ್ಷರ ಅವಳದೇ.

ಕಹಳೆ ಹೂವನ್ನು ನೋಡದವರಿಲ್ಲ. ಕೊಂಬೆಯಿಂದ ನೆಲದ ಕಡೆ ಜೋತುಬೀಳುವ ಮೊಳದುದ್ದದ ಬಿಳಿ ಹೂ. ಸಂಜೆಯಾದರೆ ಬೀದಿಯುದ್ದಕ್ಕೂ ಘಮ. ಮನೆ ಕಾಂಪೌಂಡಿನಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ, ಚರಂಡಿ ಪಕ್ಕದಲ್ಲಿ, ಎಲ್ಲೆಂದರಲ್ಲಿ ಇದೆ. ಕಡ್ಡಿ ಮುರಿದು ಚುಚ್ಚಿದರೆ ಸಾಕು, ಚಿಗುರುತ್ತದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಅದನ್ನು ಕಂಡರೆ ಎಲ್ಲರಿಗೂ ಅಸಡ್ಡೆ. ಆದರೆ ಯಾವ ಕಾಡಿಗೆ ಹೋಗಿ ಹುಡುಕಿದರೂ ತಾನಾಗಿ ಹುಟ್ಟಿದ ಒಂದೇ ಒಂದು ಕಹಳೆ ಗಿಡ ಈಗ ಸಿಗುವುದಿಲ್ಲ. ಅದರ ಕಾಯಿ ತಿಂದು ಬೀಜ ಹರಡುತ್ತಿದ್ದ ಯಾವುದೋ ಪ್ರಾಣಿ ಯಾವತ್ತೋ ಅಳಿದಿರಬೇಕು ಎಂದು ತಿಳಿದವರು ಹೇಳುತ್ತಾರೆ. ಇವತ್ತು ಇರುವುದೆಲ್ಲ ಮನುಷ್ಯರ ಕೈ ನೆಟ್ಟದ್ದು. ನೆಡುವ ಕೈ ನಿಂತರೆ ಗಿಡವೂ ನಿಂತಿತು.

ಇದನ್ನೆಲ್ಲ ಅವಳು ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

"ಕಾಡಿನ ವಿಷಯ ಕಾಡಿನವರು ನೋಡ್ಕೋತಾರೆ" ಎಂದರು ಮೇಲ್ವಿಚಾರಕರು. "ನೀಲಿಗಂಟೆಗೆ ಗಾಜಿನ ಮನೆ ಮಂಜೂರಾಗಿದೆ. ನಿಮ್ಮ ಕೋಣೆ ಹಿಂದಿನ ಜಾಗ. ಅಲ್ಲಿರೋ ಕಹಳೆ ಮರ ಸೋಮವಾರ ತೆಗೀತಾರೆ. ತಿಂಗಳ ಕೊನೆಗೆ ದೊಡ್ಡವರು ಬಂದು ಉದ್ಘಾಟನೆ ಮಾಡ್ತಾರೆ."

ಅವಳ ಕಿವಿ ಈಗ ಕೆಂಪಾಯಿತು. "ಸಾರ್, ಆ ಮರದಲ್ಲಿ ಏಳು ಕಾಯಿ ಇದೆ."

"ಮರ ಬೇಕಿದ್ರೆ ಒಂದು ಕಡ್ಡಿ ಮುರ್ಕೊಂಡು ಬೇರೆ ಕಡೆ ನೆಡಿ. ಅದಕ್ಕೇನಂತೆ?"

"ಕಡ್ಡಿಯಿಂದ ಬರೋದು ಅದೇ ಗಿಡ ಸಾರ್, ಹೊಸದಲ್ಲ. ಬೀಜದಿಂದ ಮಾತ್ರ ಹೊಸದು ಹುಟ್ಟೋದು. ಕಾಯಿ ಬಲಿಯೋಕೆ ಇನ್ನೊಂದು ತಿಂಗಳು ಬೇಕು. ಒಂದೇ ತಿಂಗಳು ಕೊಡಿ."

"ಕಾಯಿಗೋಸ್ಕರ ದೊಡ್ಡವರ ತಾರೀಕು ಬದಲಾಯಿಸ್ಲಾ?" ಎಂದು ಕೇಳಿ ಮೇಲ್ವಿಚಾರಕರು ಮುಂದಿನ ಕಾಗದಕ್ಕೆ ಕೈಹಾಕಿದರು.

ಆ ಏಳು ಕಾಯಿಯ ಹಿಂದೆ ಹನ್ನೊಂದು ವರ್ಷವಿತ್ತು. ತೋಟದ ನಡುದಾರಿಯ ಎರಡೂ ಬದಿಗೆ ಸಾಲಾಗಿ ನಿಂತ ನೂರ ನಲವತ್ತು ಕಹಳೆ ಗಿಡಗಳನ್ನು ಬೀಜದಕ್ಕ ತಾನು ಕೆಲಸಕ್ಕೆ ಸೇರಿದ ವರ್ಷ ತನ್ನ ಕೈಯಾರೆ ನೆಟ್ಟಿದ್ದಳು. ನೂರ ನಲವತ್ತು ಕಡ್ಡಿಯೂ ಒಂದೇ ಗಿಡದ್ದು. ಹೀಗಾಗಿ ಒಂದರ ಪರಾಗ ಇನ್ನೊಂದಕ್ಕೆ ನಾಟುವುದಿಲ್ಲ. ಹೂ ಬಿಡುವುದೇ ಬಿಡುವುದು, ಕಾಯಿ ಮಾತ್ರ ಇಲ್ಲ. ಕೋಣೆಯ ಹಿಂದಿನ ಮುದಿ ಮರವೊಂದೇ ಬೇರೆ ತಾಯಿಯದು. ಅದರ ಹೂವಿಗೆ ಮಾಗಿದ ಹಣ್ಣಿನ ಬಣ್ಣ. ಬಹುತೇಕ ವರ್ಷ ಅದು ಹೂ ಬಿಟ್ಟಾಗ ಸಾಲಿನ ಗಿಡ ಬಿಡದು, ಸಾಲು ಬಿಟ್ಟಾಗ ಅದು ಬಿಡದು. ಎರಡೂ ಒಟ್ಟಿಗೆ ಬಿಟ್ಟ ವರ್ಷ ಅವಳು ಸಂಜೆ ಏಣಿ ಹತ್ತಿ, ಮೆತ್ತನೆಯ ಕುಂಚದಲ್ಲಿ ಪರಾಗ ಒಯ್ದು ಹಚ್ಚುತ್ತಿದ್ದಳು. ಎಳೆ ಕಾಯಿ ನಿಲ್ಲುತ್ತಿರಲಿಲ್ಲ, ಉದುರುತ್ತಿತ್ತು. ಹನ್ನೊಂದು ವರ್ಷ ಉದುರಿದ್ದು ಈ ವರ್ಷ ಏಳು ನಿಂತಿದ್ದವು. ದಿನಾ ಬಂದ ಕೂಡಲೇ ಚಪ್ಪಲಿ ಬಿಡುವ ಮೊದಲು ಅವನ್ನು ಎಣಿಸುತ್ತಿದ್ದಳು.

ಅವತ್ತು ಮನೆಗೆ ಬಂದಾಗ ಮೈದುನ ಜಗಲಿಯಲ್ಲಿ ಕೂತು ಅರದಿಂದ ಗರಗಸದ ಹಲ್ಲು ಉಜ್ಜುತ್ತಿದ್ದ. ಮರ ಕಡಿಯುವುದು ಅವನ ಕಸುಬು. ಅಣ್ಣ ತೀರಿಕೊಂಡ ಮೇಲೂ ಅತ್ತಿಗೆಯ ಮನೆಯ ಪಕ್ಕದ ಭಾಗದಲ್ಲೇ ಸಂಸಾರ ಹೂಡಿಕೊಂಡಿದ್ದ.

"ಅತ್ತಿಗೆ, ನಿಮ್ಮ ತೋಟದ ಕೆಲಸ ಸಿಕ್ತು. ಸೋಮವಾರ. ಒಂದು ಮರವಂತೆ."

"ಯಾವ ಮರ ಅಂತ ಗೊತ್ತೇನೋ?"

"ಕಹಳೆ. ಮೆದು ಮರ, ಅರ್ಧ ಗಂಟೆ ಕೆಲಸ." ಅವಳ ಮುಖ ನೋಡಿ ಅರ ಕೆಳಗಿಟ್ಟ. "ಏನು, ನಿಮ್ಮ ಸವತಿಯೋ ಸೊಸೆಯೋ ಅದು? ಕಿವಿ ಕುಂಕುಮದ ಹಾಗಿದೆ."

"ನಿನ್ನ ಗರಗಸಕ್ಕೆ ತುಕ್ಕು ಹಿಡಿಯಾ" ಎಂದು ಶುರುಮಾಡಿದವಳು ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಅವನ ಹೆಂಡತಿ ಎರಡು ಸಲ ಊಟಕ್ಕೆ ಕರೆದು ಹೋಗಿದ್ದಳು.

ಮೈದುನ ಗದ್ದ ಕೆರೆದುಕೊಂಡ. "ನಾನು ಬಿಟ್ರೆ ಇನ್ನೊಬ್ಬ ಕಡೀತಾನೆ ಅತ್ತಿಗೆ. ಕಾಗದ ಇದ್ರೆ ಕಡಿಯೋದೇ. ಕೆಲಸಕ್ಕೆ ಬಾರದ ಕಾನೂನೂ ಕಾನೂನೇ. ಈಗ ಎಣಿಕೆ ಪುಟದ ಪ್ರತಿ ಬೇರೆ ಲಗತ್ತಿಸಬೇಕಂತೆ. ಕೆಂಪಿದ್ರೆ ಮುಟ್ಟೋ ಹಾಗಿಲ್ಲ, ಮುಟ್ಟಿದ್ರೆ ನನ್ನ ಪರವಾನಗಿ ಹೋಗುತ್ತೆ. ಎಲ್ಲಾ ಆ ಪುಟದಲ್ಲಿದೆ."

"ಆ ಪುಟ ಬರೆಯೋಳು ನಾನೇ" ಎಂದಳು ಅತ್ತಿಗೆ. ಹೇಳಿದ ಮೇಲೆ ತನ್ನ ಮಾತನ್ನು ತಾನೇ ಇನ್ನೊಮ್ಮೆ ಕೇಳಿಸಿಕೊಂಡಳು.

ಆರು ತಿಂಗಳ ಎಣಿಕೆ ಆ ಶನಿವಾರವೇ ಇತ್ತು. ಬೀಜದಕ್ಕ ನಡುದಾರಿಯ ಸಾಲಿನ ಮುಂದೆ ಪುಸ್ತಕ ಹಿಡಿದು ಬಹಳ ಹೊತ್ತು ನಿಂತಳು. ಇಷ್ಟು ವರ್ಷ ತಾನು ಎಣಿಸಿದ್ದು ಕಾಂಡಗಳನ್ನು. ಒಂದೇ ಗಿಡವನ್ನು ನೂರ ನಲವತ್ತು ಕಡೆ ಚುಚ್ಚಿ, ನೂರ ನಲವತ್ತು ಎಂದು ಬರೆದಿದ್ದಳು. ಒಬ್ಬಳೇ ಹೆಂಗಸು ನೂರು ಕನ್ನಡಿಯ ಮುಂದೆ ನಿಂತರೆ ನೂರು ಜನ ಆಗುತ್ತಾರೆಯೇ? ಅಷ್ಟು ವರ್ಷ ಬರೆದದ್ದೇ ತಪ್ಪು. ತನ್ನ ತಪ್ಪಿಗೂ ಅವಳಿಗೆ ಸಿಟ್ಟು ಬಂತು, ಆದರೆ ಈ ಸಿಟ್ಟಿನಲ್ಲಿ ಸ್ವಲ್ಪ ಖುಷಿಯೂ ಇತ್ತು. ಸಾಲಿನದು ಒಂದು, ಹಿಂದಿನದು ಒಂದು. ಕಹಳೆ ಹೂ: ಎರಡು. ಕೆಳಗೆ ಸಣ್ಣ ಅಕ್ಷರದಲ್ಲಿ, 'ಸಾಲಿನದೆಲ್ಲ ಒಂದೇ ಗಿಡದ ಕಡ್ಡಿ' ಎಂದೂ ಬರೆದಳು. ಮುಚ್ಚಿಡುವುದು ಅವಳ ಜಾಯಮಾನದಲ್ಲಿ ಇರಲಿಲ್ಲ.

ಮೇಲ್ವಿಚಾರಕರು ಮುನ್ನೂರು ಪುಟಕ್ಕೂ ಒಂದೇ ಬೀಸಿನಲ್ಲಿ ಸಹಿ ಹಾಕಿದರು. ಅವರ ಪದ್ಧತಿಯೇ ಅದು. ಪುಟದ ಮೂಲೆ ಮಾತ್ರ ಮಗುಚಬೇಕು, ಅವರು ಸಹಿ ಗೀಚಬೇಕು.

ಸೋಮವಾರ ಮೈದುನ ಹಗ್ಗ, ಗರಗಸ ಸಮೇತ ಬಂದ. ಮೇಲ್ವಿಚಾರಕರೂ ಬಂದು ನಿಂತರು. ಮೈದುನ ಕಾಗದ ಬಿಚ್ಚಿ, ಓದಲು ಬಾರದವನ ಹಾಗೆ ಬೆರಳಿಟ್ಟು ಓದಿದ.

"ಸಾರ್, ಕಹಳೆ ಎರಡೇ ಅಂತಿದೆ. ಎರಡು ಅಂದ್ರೆ ಕೆಂಪು. ಕಡಿಯೋ ಹಾಗಿಲ್ಲ."

"ಕಣ್ಣು ಕಾಣ್ಸಲ್ವಾ? ಅಲ್ನೋಡು ಸಾಲಿಗೆ ಸಾಲೇ ಇದೆ!"

"ನನ್ನ ಕಣ್ಣಿಗೆ ಕಾಣುತ್ತೆ ಸಾರ್. ಕಾಗದಕ್ಕೆ ಕಾಣಲ್ಲ. ಕೆಳಗಿರೋದು ನಿಮ್ದೇ ಸಹಿ ಅಲ್ವಾ?"

ಮೇಲ್ವಿಚಾರಕರು ಕೂಗಾಡಿದರು. ಪುಟ ಬದಲಾಯಿಸು ಎಂದರು. ಬೀಜದಕ್ಕ ಜಪ್ಪಯ್ಯ ಎನ್ನಲಿಲ್ಲ. "ಸಾಲಿನ ಯಾವ ಎರಡು ಗಿಡ ಬೇಕಾದ್ರೂ ಆರಿಸಿ ಸಾರ್. ಒಂದರಿಂದ ಇನ್ನೊಂದಕ್ಕೆ ಒಂದು ಕಾಯಿ ಕಟ್ಟಿಸಿ ತೋರಿಸಿ. ಅವತ್ತೇ ನೂರ ನಲವತ್ತು ಅಂತ ಬರೀತೀನಿ. ಬೀಜದ್ದಾದ್ರೆ ಒಂದೊಂದೂ ಬೇರೆ ಗಿಡ, ಕಡ್ಡಿಯದಾದ್ರೆ ಎಲ್ಲಾ ಒಂದೇ. ಇಷ್ಟೇ ಲೆಕ್ಕ." ಪುಟದ ನಕಲು ಆಗಲೇ ಮುಖ್ಯ ಕಚೇರಿ ಸೇರಿತ್ತು. ಪುಟ ನೋಡದೆ ಸಹಿ ಹಾಕಿದೆ ಎಂದು ಬರೆದುಕೊಡುವ ಧೈರ್ಯ ಯಾವ ಮೇಲ್ವಿಚಾರಕನಿಗಿದೆ? ಗಾಜಿನ ಮನೆ ಹನ್ನೆರಡು ಹೆಜ್ಜೆ ಆಚೆಗೆ ಹೋಯಿತು. ಮುದಿ ಮರಕ್ಕೆ ಕೆಂಪು ಚೀಟಿ ಬಿತ್ತು.

ಗಾಜಿನ ಮನೆಯಲ್ಲಿ ನೀಲಿಗಂಟೆ ಎಂಟು ದಿನ ಬದುಕಿತ್ತು. ಬೆಟ್ಟದ ಗಾಳಿ ಕುಡಿದು ಬೆಳೆಯುವ ಗಿಡವನ್ನು ಗಾಜಿನೊಳಗೆ ಕೂರಿಸಿ, ಅಪರೂಪದ್ದೆಂದು ದಿನಕ್ಕೆ ಎರಡು ಸಲ ನೀರು ಹನಿಸಿದರು. ಬುಡ ಕೊಳೆತು ಅಡ್ಡಬಿತ್ತು. ಉದ್ಘಾಟನೆಗೆ ಮೂರು ದಿನ ಇತ್ತು. ಮೇಲ್ವಿಚಾರಕರು ತಾವಾಗಿಯೇ ಬೀಜದ ಕೋಣೆಗೆ ಬಂದರು, ಸ್ಟೂಲಿನ ಮೇಲೂ ಕೂತರು.

"ನಿಮ್ಮ ತವರಿನ ಕಡೆ ಇದೆ ಅಂದಿದ್ರಲ್ಲಮ್ಮ. ಒಂದು ನಾಲ್ಕು ತಂದ್ಕೊಡಿ."

"ಬುಟ್ಟಿ ತುಂಬ ತರ್ತೀನಿ ಸಾರ್, ಅದಕ್ಕೇನು."

"ಬೇಡ ಬೇಡ. ನಾಲ್ಕೇ ತನ್ನಿ. ಐದಾದ್ರೆ ಹಳದಿ ಚೀಟಿ ಬರುತ್ತೆ. ದೊಡ್ಡವರ ಮುಂದೆ ಹಳದಿ ಚೆನ್ನಾಗಿರಲ್ಲ."

ಹೇಳಿದ ಮನುಷ್ಯನ ಮುಖದಲ್ಲಿ ಒಂದಿಷ್ಟಾದರೂ ನಾಚಿಕೆ ಇದೆಯೇ ಎಂದು ಅವಳು ಹುಡುಕಿದಳು. ಇರಲಿಲ್ಲ. ಅವಳು ಬಸ್ಸು ಹತ್ತಿ ಹೋದಳು. ತವರಿನ ಇಳಿಜಾರು ತುಂಬ ಗಂಟೆ ಹೂ, ಕಾಲಿಡಲು ಜಾಗವಿಲ್ಲ. ಆಡಿನ ಮಂದೆಯೊಂದು ಅದರ ಮೇಲೆ ಆರಾಮಾಗಿ ಮೇಯುತ್ತಿತ್ತು. ನಾಲ್ಕನ್ನು ಕಿತ್ತು ಕುಂಡಕ್ಕಿಟ್ಟು ತಂದಳು. ದೊಡ್ಡವರು ಬಂದರು, ಕೆಂಪು ಚೀಟಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, "ನಾಳೆಯ ಮಕ್ಕಳಿಗಾಗಿ ಉಳಿಸಬೇಕು" ಎಂದರು. ಹನ್ನೆರಡು ಹೆಜ್ಜೆ ದೂರದಲ್ಲಿ, ಕಾಡಿನಿಂದಲೇ ಅಳಿದುಹೋದ ಗಿಡವೊಂದು ಏಳು ಕಾಯಿ ಹೊತ್ತು ನಿಂತಿತ್ತು. ಅದರ ಕಡೆ ಒಬ್ಬರೂ ತಿರುಗಲಿಲ್ಲ. ಅವತ್ತು ರಾತ್ರಿ ಊಟದ ತಟ್ಟೆಯ ಮುಂದೆ ಕೂತು ಬೀಜದಕ್ಕ ಅತ್ತುಬಿಟ್ಟಳು, ದುಃಖಕ್ಕಲ್ಲ, ಹೊಟ್ಟೆಯುರಿಗೆ.

ಕಾಯಿಗಳು ಬಲಿತವು. ಅವಳು ಒಂದೊಂದನ್ನೂ ಬಟ್ಟೆಯಲ್ಲಿ ಹಿಡಿದು ಕೊಯ್ದು, ಬಿಡಿಸಿ, ಬೆಂಡಿನಂಥ ಸಿಪ್ಪೆಯ ಬೀಜಗಳನ್ನು ನೆನೆಹಾಕಿ ತಟ್ಟೆಗಳಲ್ಲಿ ಬಿತ್ತಿದಳು. ಇಪ್ಪತ್ತು ದಿನ ಏನೂ ಇಲ್ಲ. ಇಪ್ಪತ್ತೊಂದನೆಯ ದಿನ ಮಣ್ಣು ಬಿರಿಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಇನ್ನೂರ ಹನ್ನೆರಡು ಸಸಿ. ಒಂದರ ಎಲೆ ಅಗಲ, ಒಂದರದು ಚೂಪು, ಒಂದಕ್ಕೆ ಕಾಂಡ ನೇರಳೆ. ಇನ್ನೂರ ಹನ್ನೆರಡು ಬೇರೆ ಬೇರೆ ಗಿಡ. ಕಹಳೆ ಹೂವಿಗೆ ಇಷ್ಟು ಮಕ್ಕಳು ಒಟ್ಟಿಗೆ ಹುಟ್ಟಿದ್ದನ್ನು ಅವಳು ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಯಾರಿಗೆ ಹೇಳಲಿ ಎಂದು ಎದೆ ಕುಣಿಯುತ್ತಿತ್ತು.

ಮುಂದಿನ ಎಣಿಕೆಗೆ ವಾರವಿರುವಾಗ ಮೇಲ್ವಿಚಾರಕರು ದಾರಿಯಲ್ಲಿ ಅವಳನ್ನು ನಿಲ್ಲಿಸಿದರು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಈಗ ಹುಷಾರಾಗಿತ್ತು.

"ಈ ಸಲ ಎಣಿಕೆಗೆ ನಾನೇ ಬರ್ತೀನಿ. ಬೀಜ ಬಿತ್ತಿದ್ದೀರಂತೆ, ಒಳ್ಳೇದಾಯ್ತು. ಬೀಜದ್ದು ಒಂದೊಂದೂ ಬೇರೆ ಗಿಡ ಅಂತ ನೀವೇ ಹೇಳಿದ್ರಲ್ಲ? ಐವತ್ತು ಮೊಳೆತ್ರೆ ಸಾಕು, ಹಸಿರು ಬಂತು. ಆ ಮುದಿ ಮರ ತೆಗ್ಸಿ ಗಾಜಿನ ಮನೆಗೆ ಬರೋರಿಗೆ ಗಾಡಿ ನಿಲ್ಸೋ ಜಾಗ ಮಾಡೋಣ."

"ಸಸಿಗಳು ಸಾರ್?"

"ಹಸಿರು ಚೀಟಿದಕ್ಕೆ ಕುಂಡ, ಮಣ್ಣು ಕೊಡೋ ಹಾಗಿಲ್ಲ. ಹೆಚ್ಚುವರಿ ಎಲ್ಲಾ ಗೊಬ್ಬರದ ಗುಂಡಿಗೆ. ನಿಯಮ ಅಲ್ವಾ."

ಎಂಥ ಲೋಕ ಇದು? ಸಾಯುತ್ತಿದ್ದಾಗ ಅದಕ್ಕೆ ಕೆಂಪು ಚೀಟಿ ಗಿಟ್ಟಿಸಿದ್ದಾಯಿತು. ಈಗ ಬದುಕಿತಲ್ಲ, ಬದುಕಿದ್ದಕ್ಕೇ ಕೊಲ್ಲುತ್ತಾರೆ! ಬಾಯಿ ತುಂಬ ಬೈಗುಳ ಬಂತು. ಬಡವನ ಕೋಪ ದವಡೆಗೆ ಮೂಲ ಎಂಬುದೂ ನೆನಪಾಯಿತು. ಬೈದರೆ ಅವಳ ಕೆಲಸ ಹೋಗುತ್ತಿತ್ತು, ಮರವೂ ಹೋಗುತ್ತಿತ್ತು. ಹಲ್ಲು ಕಚ್ಚಿಕೊಂಡು ಮನೆಗೆ ಬಂದು ಮೈದುನನನ್ನು ಕರೆದಳು.

"ನಿನ್ನ ಕೈಗಾಡಿ ಬೇಕು ಕಣೋ. ಬುಧವಾರ ಮಧ್ಯಾಹ್ನ."

"ಏನು ಸಾಗಿಸ್ಬೇಕು ಅತ್ತಿಗೆ?"

"ಮಕ್ಕಳನ್ನ."

ಬುಧವಾರ ಮಧ್ಯಾಹ್ನ ಇಬ್ಬರೂ ಸೇರಿ ಸಸಿ ತಟ್ಟೆಗಳನ್ನು ಗಾಡಿಗೇರಿಸಿದರು. ಮೇಲೆ ಒಣ ಎಲೆ, ಹರಿದ ಗೋಣಿ. ಇಡೀ ಜೀವನ ಮರ ಉರುಳಿಸಿದವನು ಒಂದೊಂದು ತಟ್ಟೆಯನ್ನೂ ಹಾಲಿನ ಪಾತ್ರೆಯಂತೆ ಹಿಡಿದಿಡುತ್ತಿದ್ದ. ಎಲ್ಲೆಲ್ಲಿಗೆ ಹೋಗಬೇಕೆಂದು ಅವಳು ಆಗಲೇ ಗೊತ್ತು ಮಾಡಿದ್ದಳು. ಹತ್ತು ಮಾಲಿಗಳ ಹಿತ್ತಲು, ಅವಳ ಬೀದಿಯ ದರ್ಜಿಯ ಮನೆಯ ಹಿಂದಿನ ಖಾಲಿ ಜಾಗ, ಮೈದುನನ ಹೆಂಡತಿಯ ತಂಗಿಯರ ಅಂಗಳ. ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳಿಟ್ಟಿದ್ದಳು, ವಿಷದ ಗಿಡ, ಮುಟ್ಟಿದ ಕೈ ತೊಳೆಯಿರಿ, ಮಕ್ಕಳ ಬಾಯಿಗೆ ಸಿಗದ ಕಡೆ ನೆಡಿ, ಆದರೆ ನೆಡಿ.

ಗೇಟಿನ ಕಾವಲುಗಾರ ಪುಸ್ತಕ ಮುಂದಿಟ್ಟ. ಹೊರಗೆ ಹೋಗುವ ವಸ್ತು ಏನೆಂದು ಬರೆದು ಸಹಿ ಹಾಕಬೇಕು. ಇಪ್ಪತ್ತಾರು ವರ್ಷದಲ್ಲಿ ಅವಳು ಯಾವ ಪುಸ್ತಕದಲ್ಲೂ ಸುಳ್ಳು ಬರೆದವಳಲ್ಲ. 'ಎರಡು' ಎಂದು ಬರೆದದ್ದೂ ಅವಳ ಪಾಲಿಗೆ ನಿಜವೇ ಆಗಿತ್ತು. ಪೆನ್ನು ಹಿಡಿದ ಕೈ ತಡೆಯಿತು.

"ಏನಕ್ಕ ಅದು?" ಎಂದ ಕಾವಲುಗಾರ.

"ಕಸ" ಎಂದಳು ಅವಳು. ಬರೆದಳು. ಗಾಡಿ ಹೊರಗೆ ಹೋಯಿತು.

ಮರುದಿನ ಮೇಲ್ವಿಚಾರಕರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಬೀಜದ ಕೋಣೆಯ ಕಿಟಕಿಯ ಬಳಿ ಒಂದು ತಟ್ಟೆ, ಅದರಲ್ಲಿ ಎರಡು ಸಸಿ. ಅವರು ಬಗ್ಗಿ ನೋಡಿದರು, ಮೇಜಿನ ಕೆಳಗೆ ನೋಡಿದರು, ಹಿಂದಿನ ಬಾಗಿಲು ತೆಗೆದು ನೋಡಿದರು.

"ಇಷ್ಟೇನಾ?"

"ಇಷ್ಟೇ ಸಾರ್. ಹಳೇದು ಎರಡು, ಇದು ಎರಡು. ನಾಲ್ಕು ಅಂತ ಬರ್ಕೊಳ್ಳಿ."

ನಾಲ್ಕು ಎಂಬ ಸಂಖ್ಯೆ ಅವರಿಗೆ ಏನನ್ನೂ ನೆನಪಿಸಲಿಲ್ಲ. ನಿರಾಸೆಯಿಂದ ಪುಸ್ತಕ ತೆರೆದರು. ಆಮೇಲೆ ಅವರಿಗೆ ಅವಳ ಮೇಲೆ ಒಂದು ಬಗೆಯ ಕನಿಕರ ಬಂತು. ಅದು ಇನ್ನೂ ಕೆಟ್ಟದಾಗಿತ್ತು.

"ಹನ್ನೊಂದು ವರ್ಷ ಏಣಿ ಹತ್ತಿ ಇಳಿದು ಎರಡೇನಾಮ್ಮ ಎಬ್ಬಿಸಿದ್ದು? ಬೇಜಾರು ಮಾಡ್ಕೋಬೇಡಿ. ಕೆಲವರ ಕೈಗುಣ ಅಷ್ಟೇ ಇರುತ್ತೆ."

ಕಿವಿ ಸುಡುತ್ತಿತ್ತು. ಇನ್ನೂರ ಹನ್ನೆರಡು ಎನ್ನುವ ಮಾತು ಗಂಟಲಿನವರೆಗೂ ಬಂತು. ಬೀಜದಕ್ಕ ಅದನ್ನು ನುಂಗಿದಳು.

"ಹೌದು ಸಾರ್" ಎಂದಳು. "ನನ್ನ ಕೈಗುಣ ಅಷ್ಟೇ."

ಮೇಲ್ವಿಚಾರಕರು ನಾಲ್ಕು ಎಂದು ಬರೆದು, ಈ ಸಲ ಎರಡು ಬಾರಿ ಓದಿ ಸಹಿ ಹಾಕಿದರು.